ತಪ್ಪು ಸಿಳ್ಳೆ

ಹ್ಯಾಟು ಹಾಕಿಕೋ ಅಂದಾಗಲೆಲ್ಲ ಆಲಿಸ್ಟರ್
ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ.
ಬಿಟ್ಟ ಕಿವಿ ಬಲಗಡೆಯದು,
ನಲವತ್ತು ವರ್ಷ ಟ್ರಕ್ಕಿನ ಕಿಟಕಿಯಲ್ಲಿ
ಒಟಾಗೊ ಬಿಸಿಲಿಗೆ ಒಡ್ಡಿಕೊಂಡದ್ದು.

ಮೊದಲು ಒಂದು ಹಕ್ಕಳೆ, ಅಷ್ಟೆ.
ಕೆರೆದರೆ ಉದುರಿತು, ಮತ್ತೆ ಬಂತು.
ಮುಳ್ಳುತಂತಿ ತರಚಿದ್ದು, ಅಂದ.
ಉಣ್ಣೆ ಕತ್ತರಿಸುವ ತಿಂಗಳು ಮುಗಿಯಲಿ, ಅಂದ.
ಮುಗಿಯಿತು. ಅಷ್ಟರಲ್ಲಿ ದವಡೆಯ ಕೆಳಗೆ
ಬಟಾಣಿಯಷ್ಟು ಒಂದು ಗಂಟು.

ಡನೀಡನ್ ಆಸ್ಪತ್ರೆಯಲ್ಲಿ ಡಾಕ್ಟರ್ ಲಿಯಾವಾ
ಕಾಗದದ ಮೇಲೆ ಒಂದು ತಲೆ ಬರೆದಳು,
ಕಣ್ಣು ಮೂಗು ಇಲ್ಲದ್ದು.
ಕಿವಿಯ ಸುತ್ತ ಗೆರೆ. ಜೊಲ್ಲಿನ ಗ್ರಂಥಿಗೊಂದು ಗೆರೆ.
ಕತ್ತಿನುದ್ದಕ್ಕೂ ಇನ್ನೊಂದು, ನಮ್ಮ ಬೇಲಿಯ ಹಾಗೆ.
ನಡುವೆ ಹಾಯುವ ನರ ಉಳಿಸಲು ನೋಡುತ್ತೇನೆ, ಅಂದಳು;
ಗಡ್ಡೆ ಅದನ್ನು ಹಿಡಿದಿದ್ದರೆ ಮಾತು ಕೊಡಲಾರೆ.

ಹಿಡಿದಿತ್ತು.

ಆಮೇಲೆ ಮೂವತ್ತು ಸಲ ಕಿರಣ.
ಬಿಸಿನೀರಲ್ಲಿ ಅದ್ದಿದ ಬಲೆಯನ್ನು ಮುಖಕ್ಕೆಳೆದು ಅಚ್ಚು ತೆಗೆದರು,
ಅದರೊಳಗೆ ಅವನನ್ನಿಟ್ಟು ಮೇಜಿಗೆ ಬಿಗಿದರು.
ಎಷ್ಟು ಸಾವಿರ ಕುರಿಗಳನ್ನು ಅವನೂ ಹಾಗೆ
ಅಲುಗದಂತೆ ಹಿಡಿದಿದ್ದನೋ.
ಬಾಯಿ ಹುಣ್ಣಾಯಿತು. ಟೋಸ್ಟು ಮರಳಾಯಿತು.
ತಣ್ಣನೆಯ ಕಸ್ಟರ್ಡ್ ಚಮಚದಲ್ಲಿ ಕೊಟ್ಟೆ,
ಅರ್ಧ ಒಳಗೆ, ಅರ್ಧ ಜೋತ ತುಟಿಯಿಂದ ಅಂಗಿಗೆ.

ಐದು ವರ್ಷದ ಲೆಕ್ಕ ಹೇಳಿದಳು ಲಿಯಾವಾ:
ಹತ್ತು ಜನರಲ್ಲಿ ಆರೇಳು ಮಂದಿ.
ಆರೋ, ಏಳೋ? ಕೇಳಿದೆ.
ಗೇಟಿನಲ್ಲಿ ನಿಂತು ಕುರಿ ಎಣಿಸುವವಳು ನಾನು;
ಒಂದು ಹೆಚ್ಚು ಕಡಿಮೆಯಾದರೂ ಗೊತ್ತಾಗುತ್ತದೆ.
ಅವಳು ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು.
ನಾಯಿಗೆ ಈಗ ಒಂಬತ್ತು, ಅಂದ ಆಲಿಸ್ಟರ್, ತೊದಲುತ್ತ,
ಅದಕ್ಕಿಂತ ಮೊದಲು ನಾನು ಹೋಗಬಾರದು.

ಮೂರು ತಿಂಗಳ ಮೇಲೆ ಗುಡ್ಡ ಹತ್ತಿದ. ಹ್ಯಾಟು ಹಾಕಿಕೊಂಡೇ.
ಒಂದೇ ಕಿವಿಯ ಮೇಲೆ ಅದು ಓರೆಯಾಗಿ ಕೂರುತ್ತದೆ.
ತುಟಿ ಕೂಡಿಸಿ ಊದಿದ.
ಗಾಳಿ. ಬರೀ ಗಾಳಿ, ಬಲಗಡೆಯಿಂದ ಸೋರಿ.
ಕೆಳಗೆ ಹುಲ್ಲಿನಲ್ಲಿ ಮಿಗ್ಗಿ, ಎರಡೂ ಕಿವಿ ನಿಮಿರಿಸಿ,
ಎಡಕ್ಕೋ ಬಲಕ್ಕೋ ತಿಳಿಯದೆ
ನಿಂತೇ ಇತ್ತು.

ಬೆರಳು ಬಾಯಿಗಿಟ್ಟು ನಾನು ಊದಿದೆ,
ಮದುವೆಯಾದಾಗಿನಿಂದ ಮೊದಲ ಸಲ.
ತಪ್ಪು ಸಿಳ್ಳೆ. ಮಂದೆಯೆಲ್ಲ ತೊರೆಯ ಕಡೆ ಓಡಿತು.
ಆಲಿಸ್ಟರ್ ನಕ್ಕ, ಉಳಿದ ಅರ್ಧದಲ್ಲಿ, ಕಣ್ಣಲ್ಲಿ ನೀರು ಬರುವಷ್ಟು
(ಬಲಗಣ್ಣು ಈಗ ಸುಮ್ಮನೆಯೂ ಸುರಿಯುತ್ತದೆ).
ಕುರಿಗಳನ್ನು ವಾಪಸು ತರುವಷ್ಟರಲ್ಲಿ ಕತ್ತಲಾಯಿತು.
ಅವತ್ತು ಎಣಿಸಲಿಲ್ಲ.