ಮುನೀಮನ ಲೆಕ್ಕ

ನಮ್ಮ ಪಡಸಾಲ್ಯಾಗ ನೂರಾ ಹನ್ನೆರಡು ಫರಸಿ.
ಬ್ಯಾಸಗಿ ಮಧ್ಯಾಹ್ನಕ್ಕ ತಣ್ಣಗಿರೋದು ಒಂದೇ:
ಹರವಿ ಕೆಳಗ, ಎಡಕ್ಕ ಎರಡನೇದು.
ಇಪ್ಪತ್ತು ವರ್ಷ ಕಸ ಹೊಡದು, ಒರಸಿ
ನನಗ ತಿಳದಿರಲಿಲ್ಲ.
ಬೆಕ್ಕು ಬಂದ ದಿನವೇ ಹುಡಕಿತು.
ನಾಕು ಕಾಲು ನಾಕು ಊರಿಗಿ ಕಳಿಸಿ
ಮಲಕೊಂಡಿತು.

ಮುನೀಮ ಅಂತ ಹೆಸರಿಟ್ಟವರು ಮಾವ.
ಬ್ಯಾಳಿ ಮಿಲ್ಲಿನ ಹಳೀ ಖಾತೆ ಪುಸ್ತಕ ಬಿಚ್ಚಿದ್ದೇ ತಡ
ಎಲ್ಲಿದ್ರೂ ಬಂದು ಜಮಾದ ಕಡಿ ಕುಂಡ್ರತದ,
ಖರ್ಚಿನ ಮ್ಯಾಗ ಬಾಲ.
"ಕೂಡಿಸೀನಿ, ಸರಿ ಅದ ನೋಡು" ಅಂದ್ರ
ಒಂದು ಕಣ್ಣು ತೆರದು, ಮುಚ್ಚಿ
ಪಾಸು ಮಾಡತದ.

ಬಟ್ಟಲದಾಗಿನ ನೀರು ಒಲ್ಲದು.
ಬಕೆಟ್ಟಿಗಿ ಮುಂಗಾಲಿಟ್ಟು
ನೀರಿಗಿ ಎರಡು ಏಟು ಹಾಕಿ,
ಅದು ತಪ್ಪೊಪ್ಪಿಕೊಂಡ ಮ್ಯಾಲೆ
ಪಂಜ ನೆಕ್ಕತದ.
ನಳ ಬರೋದು ಐದು ದಿನಕ್ಕೊಮ್ಮೆ, ಹೊತ್ತು ಗೊತ್ತಿಲ್ಲ,
ಪೈಪಿನೊಳಗ ಗಾಳಿ ಗುರುಗುಟ್ಟೋಕಿಂತ ಮೊದಲೇ
ಮುನೀಮನ ಕಿವಿ ನಿಮಿರತಾವ.
ಓಣಿಗಿ ಓಣಿ ಕೊಡ ಹಿಡದು
ನಮ್ಮ ಕಟ್ಟಿ ಕಡಿ ನೋಡತದ.

ನಾಯಿಗಿ ಅಂಜದು. ಮೊರಕ್ಕ ಅಂಜತದ.
ಯಾಕಂತ ಕೇಳಬ್ಯಾಡ್ರಿ.

ರೊಟ್ಟಿ ತಿಂತದ, ಆದ್ರ ಕಡಕ್ ಇರಬೇಕು,
ಮುರದರ ಸಪ್ಪಳಾಗಬೇಕು.
ಒಮ್ಮೆ ಮೆತ್ತಂದು ಹಾಕಿದೆ.
ಮೂಸಿತು. ನನ್ನ ಮಾರಿ ನೋಡಿತು.
ಸುತ್ತಲಿನ ಫರಸಿ ಕೆರದು ಕೆರದು
ಇಲ್ಲದ ಮಣ್ಣು ಎಳದು
ನನ್ನ ರೊಟ್ಟಿ ಮುಚ್ಚಿ ಹೋಯಿತು.
ನಮ್ಮತ್ತಿ ಇದ್ದಾಗ ಸೈತ
ನನ್ನ ಅಡಿಗಿಗಿ ಇಷ್ಟು ಮರ್ಯಾದಿಗೇಡು ಆಗಿರಲಿಲ್ಲ.

ಶಿವರಾತ್ರಿ ಆಗಿ ಮೂರನೇ ದಿನ ಕಾಣದಂಗಾತು.
ರಾತ್ರಿ ಕರೆಂಟ್ ಹೋದಾಗ ಮಾಳಿಗಿ ಹತ್ತಿ
ಕತ್ತಲಿಗಿ ಕೂಗಿದೆ: "ಮುನೀಮಾ!"
ಆ ಕಡಿ ಮಾಳಿಗ್ಯಾಗಿಂದ ಮೆಹಮೂದಾ ಆಪಾ:
"ಶಕ್ಕರ್! ಓ ಶಕ್ಕರ್!"
ಈ ಕಡಿಯಿಂದ ನರ್ಸ್ ಎಸ್ತರಮ್ಮ:
"ಜಾನೀ, ಬಾರೋ ಜಾನಿ!"

ಸುಮ್ಮಗಾದೆವು.
ಎಸ್ತರಮ್ಮ ಬ್ಯಾಟರಿ ಹಚ್ಚಿದಳು.
"ನಿಮ್ಮದರ ಎಡಗಿವಿ ತುದಿ..."
"ಇಲ್ಲ. ನಿಮ್ಮದು?"
"ಇಲ್ಲ."
"ಬಾಲದ ತುದಿ ಮಸ್ಯಾಗ ಅದ್ದಿದಂಗ?"
"ಹೌದ್ರೀ."
"ನಮ್ಮಲ್ಲಿ ಖೀಮಾ ಬಿಟ್ರ ಬ್ಯಾರೆ ಮುಟ್ಟಲ್ಲ" ಅಂದ್ರು ಆಪಾ.
"ನಮ್ಮಲ್ಲಿ ಕೇಕು, ಅದೂ ಮ್ಯಾಲಿನ ಕ್ರೀಮು."
ನಾ ರೊಟ್ಟಿ ಸುದ್ದಿ ತೆಗೀಲಿಲ್ಲ.
ಕೆಳಗಿಂದ ಮಾವ ನಕ್ಕರು:
"ಮೂರು ಕಡಿ ಖಾತೆ ತೆಗದದ!
ಮೂರೂ ಕಡಿ ಜಮಾ, ಒಂದು ಕಡೀನೂ ಖರ್ಚಿಲ್ಲ.
ಇಂಥ ಮುನೀಮ ನಮ್ಮ ಸಾವ್ಕಾರಗ ಸಿಕ್ಕಿರಲಿಲ್ಲ."

ಒಂಬತ್ತನೇ ದಿನ, ಸೆಕಿ ತಡೀಲಾರದೆ,
ಮಾಳಿಗಿ ಮ್ಯಾಲಿನ ಕೂಲರ್ ಇಳಸಲಾಕ ಹೋದೆವು.
ತಾಡಪಾಲು ಸರಸಿದೆವು. ಬಾಗಲಾ ತೆಗದೆವು.
ಹೋದ ವರ್ಷದ ಒಣ ಹುಲ್ಲಿನೊಳಗಿಂದ
ಎರಡು ಹಸರು ದೀಪ ನಮ್ಮನ್ನ ನೋಡಿದವು,
ಕೆಳಗ ಕಣ್ಣಿಲ್ಲದ ಮೂರು ಉಂಡಿ,
ಮೊಲಿ ಕಚ್ಚಿ ಮಿಸುಗಾಡಕೋತ.

"ಏ, ಮುನೀಮ ಹೆಣ್ಣೇನ!" ಅಂದ್ರು ಮಾವ,
ಹಳೀ ತಪ್ಪು ಲೆಕ್ಕ ಸಿಕ್ಕವರಂಗ.
ಬಾಗಲಾ ಮೆಲ್ಲಕ ಮುಚ್ಚಿದರು.

ಈಗ ಏಪ್ರಿಲ್. ನಲವತ್ತೆರಡು ಡಿಗ್ರಿ.
ಕೂಲರ್ ಮ್ಯಾಲೇ ಅದ. ಫ್ಯಾನು ಬಿಸಿ ಉಗಳತದ.
ಆಪಾ ಖೀಮಾ ಕಳಿಸತಾರ, ಎಸ್ತರಮ್ಮ ತೂಕ ನೋಡತಾಳ,
ಹೆಸರಿನ ಜಗಳ ಇನ್ನೂ ಹರಿದಿಲ್ಲ.

ನಿನ್ನೆ ಮಧ್ಯಾಹ್ನ ಯಾರೂ ಇಲ್ಲದ್ದು ನೋಡಿ
ಹರವಿ ಕೆಳಗ, ಎಡಕ್ಕ ಎರಡನೇ ಫರಸಿ ಮ್ಯಾಗ
ನಾನೇ ಕೆನ್ನಿ ಇಟ್ಟು ಮಲಕೊಂಡೆ.
ಆಹಾ.
ಕಣ್ಣು ಹತ್ತೂದ್ರಾಗ ಆಕಿ ಇಳದು ಬಂದಳು.
ನಿಂತಳು. ನನ್ನ ಮೂಸಿದಳು.
ಆಮ್ಯಾಲೆ ನನ್ನ ಸುತ್ತ ಫರಸಿ ಕೆರದು, ಕೆರದು,
ಇಲ್ಲದ ಮಣ್ಣು ಎಳದು
ಪೂರಾ ಮುಚ್ಚಿ ಹೋದಳು.