ಅಡ್ಡ ನಿಲ್ಲಿಸಿದ ವ್ಯಾನು

ಅಕ್ಟೋಬರ್ ಮೂವತ್ತೊಂದು. ಆರು ದಾಟಿತೋ ಇಲ್ಲವೋ ಕತ್ತಲು.
ಕಡಲ ಗಾಳಿ ಗ್ಲೇಸ್ ಬೇಯ ಓಣಿಗಳಲ್ಲಿ
ಕಸದ ಡಬ್ಬಗಳ ಮುಚ್ಚಳ ತಡಕುತ್ತಿದೆ.
ನಾನು ಮರ್ಡೋ ಮಕಾಸ್ಕಿಲ್. ವಯಸ್ಸು ಎಪ್ಪತ್ತೊಂದು,
ಮೊಣಕಾಲಿನ ವಯಸ್ಸು ಅದಕ್ಕೂ ಹೆಚ್ಚು.

ನಮ್ಮದು ಇಳಿಜಾರು ಬೀದಿ. ಮೇಲಿನ ತುದಿಗೆ ಹೆದ್ದಾರಿ,
ಕೆಳಗಿನ ತುದಿಗೆ ಮುಚ್ಚಿದ ಗಣಿಯ ಬೇಲಿ,
ನಡುವೆ ನಲವತ್ತು ಮನೆ, ಮೂರೇ ದೀಪದ ಕಂಬ.
ಮೇಲಿನದು ಕಣ್ಣು ಮಿಟುಕಿಸುತ್ತದೆ;
ನಗರಸಭೆಗೆ ನಾಲ್ಕು ಸಲ ಬರೆದೆ.
ಅದರ ಬುಡದಲ್ಲೇ ವ್ಯಾನು ಅಡ್ಡ ನಿಲ್ಲಿಸಿ
ಎಚ್ಚರಿಕೆಯ ದೀಪ ಹಾಕಿ ಕೂತೆ.
ಟಿಕ್, ಕಿತ್ತಳೆ. ಟಿಕ್, ಕತ್ತಲು.

ಯಾರಪ್ಪಣೆ ನಿನಗೆ ಎಂದು ಕೇಳುವವರಿದ್ದಾರೆ.
ಯಾರದೂ ಇಲ್ಲ.

ಇಪ್ಪತ್ತಾರು ವರ್ಷದ ಕೆಳಗೆ, ಇಂಥದೇ ಹ್ಯಾಲೋವೀನ್ ರಾತ್ರಿ,
ಊರಿಗೆಲ್ಲ ಬ್ರೆಡ್ಡು ಹಂಚಿ ಖಾಲಿ ವ್ಯಾನಿನಲ್ಲಿ ಮರಳುತ್ತಿದ್ದೆ.
ವೇಗ ಹೆಚ್ಚಿರಲಿಲ್ಲ. ಕುಡಿದಿರಲಿಲ್ಲ.
ಈ ಎರಡು ಮಾತು ಹೇಳಿ ಹೇಳಿ
ಹಳೆಯ ನಾಣ್ಯದಂತೆ ಸವೆದಿವೆ, ಯಾವ ಮುಖವೂ ಕಾಣುವುದಿಲ್ಲ.
ನಿಂತ ಎರಡು ಕಾರುಗಳ ಸಂದಿಯಿಂದ
ಕತ್ತಲಿನದೇ ಒಂದು ಚೂರು ಕಿತ್ತು ಬಂದಂತೆ
ಕಪ್ಪು ಕಂಬಳಿ ಹೊದ್ದ ಏನೋ ಒಂದು.
ಮುಖವಾಡ ತಿರುಗಿ, ಕಣ್ಣಿನ ತೂತು ಕಿವಿಯ ಬಳಿ.
ಬ್ರೇಕು.
ಹಿಂದಿದ್ದ ಖಾಲಿ ತಟ್ಟೆಗಳೆಲ್ಲ ಒಟ್ಟಿಗೆ ಕಿರುಚಿದವು.

ಹುಡುಗನಿಗೆ ಏನೂ ಆಗಲಿಲ್ಲ. ಇದನ್ನು ಮೊದಲೇ ಹೇಳಬೇಕಿತ್ತು.
ಅವನ ದಿಂಬಿನ ಚೀಲ ಮಾತ್ರ ಚಕ್ರದಡಿ ಒಡೆದು
ರಸ್ತೆ ತುಂಬ ಮಿಠಾಯಿ.
ನನ್ನ ದೀಪದ ಬೆಳಕಲ್ಲೇ ಬಗ್ಗಿ ಹೆಕ್ಕಿದ, ಒಂದೊಂದಾಗಿ, ಎಣಿಸುತ್ತ.
ತಾಯಿ ಓಡಿ ಬಂದಳು. ಮೊದಲು ಅವನಿಗೊಂದು ಬಿಗಿದಳು,
ಆಮೇಲೆ ತಬ್ಬಿಕೊಂಡಳು,
ಆಮೇಲೆ ಒಳಗೆ ಹೋಗಿ ನನಗೆ ನೀರು ತಂದಳು.
ಲೋಟ ಹಿಡಿಯಲು ನನ್ನ ಬೆರಳು ಸ್ಟೇರಿಂಗು ಬಿಡಲೊಲ್ಲವು.

ಈಗ ಬರುತ್ತಿದ್ದಾರೆ, ಅಗೋ, ಬಾಗಿಲು ತಟ್ಟುತ್ತ, ಚೀಲ ಒಡ್ಡುತ್ತ:
ಅಮ್ಮನ ಲಂಗ ತೊಟ್ಟು ಎರಡು ಸಲ ಮುಗ್ಗರಿಸಿದ ಮಾಟಗಾತಿ,
ಚಳಿಕೋಟಿನ ಮೇಲೆ ಎಲುಬಿನ ಅಂಗಿ ತೊಟ್ಟ
ಭಾರೀ ದಪ್ಪನೆಯ ಅಸ್ಥಿಪಂಜರ,
ಲಾಬ್‌ಸ್ಟರ್ ಆಗಿರುವ ಒಬ್ಬ ಪುಟಾಣಿ,
ರಟ್ಟಿನ ಕೊಂಡಿಯಲ್ಲೇ ಅಕ್ಕನ ಕೈ ಕಚ್ಚಿ ಹಿಡಿದವನು.
ಬಿಡಬೇಡ ಮಗಾ, ಹಾಗೇ ಹಿಡಿದಿರು.

ನನ್ನಲ್ಲಿ ಮಿಠಾಯಿ ಇಲ್ಲ. ಒಂದು ಸುರುಳಿ ಹೊಳೆಯುವ ಟೇಪು,
ಒಂದು ಕತ್ತರಿ, ಲಂಗ ಮೇಲೆತ್ತಿ ಕಟ್ಟಲು ನಾಲ್ಕು ಪಿನ್ನು.
ಎಫಿಯ ಮೊಮ್ಮಗಳು ಮೊರಾಗ್, ಆರು ವರ್ಷ, ಅಡಿಯಿಂದ ಮುಡಿವರೆಗೆ ಕಪ್ಪು.
"ಬಾವಲಿ ಹೊಳೆಯುವುದಿಲ್ಲ," ಎಂದಳು.
"ನಿಜ, ಹೊಳೆಯುವುದಿಲ್ಲ."
"ಮತ್ತೆ?"
"ಬಾವಲಿಗೆ ಕಿವಿಯೇ ಕಣ್ಣು. ನಮ್ಮ ಕಾರುಗಳು ಕಿವುಡು."
ಯೋಚಿಸಿದಳು.
ಒಂದು ರೆಕ್ಕೆಗೆ ಮಾತ್ರ ಒಪ್ಪಿಗೆ ಕೊಟ್ಟಳು.

ಏಳೂಕಾಲಿಗೆ ಪಿಜ್ಜಾ ತಂದ ಹುಡುಗ ಹಾರ್ನ್ ಹೊಡೆದ.
"ದಾರಿ ಬಿಡಿ, ತಣ್ಣಗಾಗುತ್ತೆ."
"ಆಗಲಿ."
ಬೈದ. ಬೀದಿಯತ್ತ ನೋಡಿದ. ಇಳಿದು
ಡಬ್ಬ ತಲೆಯ ಮೇಲಿಟ್ಟುಕೊಂಡು ನಡೆದೇ ಹೋದ.
ಅವನ ಹಿಂದೆ ಎರಡು ದೆವ್ವಗಳು ವಾಸನೆ ಹಿಡಿದು ಹೊರಟವು.

ಎಂಟೂವರೆ. ಒಂದೊಂದೇ ಜಗುಲಿಯ ದೀಪ ಆರಿತು.
ಬೆಳ್ಳಿಯ ಗೆರೆಯೊಂದು ಕತ್ತಲಲ್ಲಿ ಕುಂಟುತ್ತ ಏರಿ ಬಂತು,
ಹತ್ತಿರ ಬಂದ ಮೇಲೆ ಅದರ ಸುತ್ತ ಮೊರಾಗ್.
ಕಿಟಕಿಯೊಳಗೆ ಒಂದು ಟಾಫಿ ಹಾಕಿದಳು.
"ಈಗಲೇ ತಿನ್ನಬೇಡ. ಬೆಳಕಲ್ಲಿ ದೊಡ್ಡವರು ನೋಡಬೇಕು."
"ಯಾವ ದೊಡ್ಡವರು?"
"ನಿನಗಿಂತ ದೊಡ್ಡವರು."

ಅವಳು ಹೋದಳು. ನನಗಿಂತ ಹಿರಿಯರನ್ನು
ಈ ಬೀದಿಯಲ್ಲಿ ಹುಡುಕಿದೆ: ಆ ಕಂಬ ಒಂದೇ.
ವ್ಯಾನಿನಿಂದಿಳಿದು ಟಾಫಿಯನ್ನು ಅದಕ್ಕೆ ಎತ್ತಿ ತೋರಿಸಿದೆ.
ಮಿಟುಕಿಸಿತು.
ಸರಿ ಎಂದಿರಬೇಕು.