ತೊಂಬತ್ತು ಡಿಗ್ರಿ

ಹುನಗುಂದ ಕ್ರಾಸಿನ್ಯಾಗ ಟಂಟಂ ಮಗ್ಗಲಾತು.
ನನ್ನ ಮ್ಯಾಲ ಮೂರು ಮಂದಿ, ಒಂದು ಜ್ವಾಳದ ಚೀಲ,
ಎಲ್ಲಾದರ ಕೆಳಗ ನನ್ನ ಬಲಗಾಲು.

ಬಾಗಲಕೋಟಿ ದವಾಖಾನ್ಯಾಗ
ಡಾಕ್ಟರು ಫಿಲ್ಮ್ ಬೆಳಕಿಗೆ ಹಿಡದ್ರು:
ಚಿಪ್ಪು ಎರಡು ಹೋಳು. ಒಳಗ ಲಿಗಮೆಂಟೂ ಹರದೈತಿ.
ಚಿಪ್ಪು ಅಂದ್ರ ನನಗ ಕೊಬ್ಬರಿ ನೆನಪಾಗಿ
ನಗು ಬಂತು. ಬಾಜೂ ಖಾಟಿನಾಕಿ ದಿಟ್ಟಿಸಿ ನೋಡಿದಳು.

ಹೊಸಾದು ಎಲ್ಲಿಂದ ತರ್ತೀರಿ, ರೊಕ್ಕ ಎಷ್ಟು?
ನಿಮ್ಮ ತೊಡಿ ಹಿಂದಿಂದನ ತಗೀತೀನಿ ದಾನಮ್ಮ,
ಎಲುವಿಗೆ ತೂತು ಕೊರದು, ಈ ಕಡಿಂದ ಆ ಕಡಿಗೆ ಜಗ್ಗಿ...
ಗಂಟು?
ಗಂಟಿಲ್ಲ, ಸ್ಕ್ರೂ.

ಇಳಕಲ್ಲ ಸೀರಿ ನೇಯಾಕಿ ನಾನು.
ಸೆರಗಿನ ಹಾಸು ಬ್ಯಾರೆ, ಒಡಲಿನ ಹಾಸು ಬ್ಯಾರೆ,
ಎಳಿ ಎಳಿಗೂ ಕೊಂಡಿ ಹಾಕಿ ಕೂಡಸಬೇಕು.
ಸ್ಕ್ರೂ ಅನ್ನೂದು ಅವಸರದವರ ಕೆಲಸ
ಅನಿಸ್ತು. ಅನ್ನಲಿಲ್ಲ.

ಮೊದಲ ಚಿಪ್ಪಿಗೆ ತಂತಿ ಬಿಗದ್ರು,
ಮೂರು ತಿಂಗಳ ಮ್ಯಾಲ ಎಳಿ ಜಗ್ಗಿದ್ರು.
ಈಗ ಫಿಜಿಯೋದ ಹುಡುಗಿ ಝೀನತ್
ದಿನಾ ಮಡಚತಾಳ: ಮೂವತ್ತು. ನಲವತ್ತೈದು.
ಅರವತ್ತಕ್ಕ ಆಕಿ ಕೈ ಚಿವುಟಿಬಿಟ್ಟೆ.
ತೊಂಬತ್ತಾದ್ರ ಸಾಕ್ರಿ ಅಮ್ಮಾ, ಕುರ್ಚಿ ಮ್ಯಾಲ ಕುಂಡ್ರಬಹುದು.

ಕುರ್ಚಿ ಯಾರಿಗೆ ಬೇಕವ್ವಾ.
ಮಗ್ಗದ ಕುಣಿಗೆ ಕಾಲು ಇಳಿಬಿಟ್ಟು ಕುಂತ್ರ
ಮೊಣಕಾಲು ಸರೀ ತೊಂಬತ್ತು.
ನಮ್ಮ ಮಾವ ಅದನ್ನ ತೋಡಿದಾಗ
ಡಿಗ್ರಿ ಗಿಗ್ರಿ ಕೇಳಿರಲಿಲ್ಲ,
ನನ್ನ ಕುಂಡ್ರಿಸಿ, ಕಾಲು ನೋಡಿ, ಇನ್ನೊಂದು ಬುಟ್ಟಿ ಮಣ್ಣು ತಗದಿದ್ದ.

ಇವತ್ತ ಎಂಬತ್ತೆರಡು.
ಮಗಳ ಫೋನು: ಕುಣಿಯಾಗ ಬೆಕ್ಕು ಮೂರು ಮರಿ ಹಾಕೈತಿ,
ತಗದು ಹೊರಗ ಇಡಲೇನು?

ಬ್ಯಾಡ. ಇನ್ನೂ ಎಂಟು ಡಿಗ್ರಿ
ಇರಲಿ ಅಲ್ಲೇ.